ಬೇರೆ ಗಿಡದ ಮೂರು ಎಲೆ

ಮಾರ್ಚ್ ೩, ಸೋಮವಾರ

ಇವತ್ತು ಮೂವತ್ತೊಂದು ಹಾಳೆ. ಬಲಗೈ ಮಣಿಕಟ್ಟಿಗೆ ಕಲ್ಲು ಕಟ್ಟಿದ ಹಾಗಿದೆ. ದೇವರೇ, ನೀನು ಕೊಟ್ಟ ಕೈ, ನೀನೇ ನೋಡಿಕೋ.

ಜೂನ್ ಒಳಗೆ ನಮ್ಮ ಸಸ್ಯ ಸಂಗ್ರಹಾಲಯದ ಎಲ್ಲ ಹಾಳೆಗಳ ಫೋಟೋ ತೆಗೆದು ಕಂಪ್ಯೂಟರಿಗೆ ಹಾಕಬೇಕಂತೆ. ಫೋಟೋಗೆ ಕೂರುವ ಮೊದಲು ಒಂದೊಂದು ಹಾಳೆಗೂ ಮುಖ ತೊಳೆಸಿ ತಲೆ ಬಾಚುವವಳು ನಾನು. ಬಿಟ್ಟುಕೊಂಡ ಎಲೆಗೆ ಗೋಂದು, ಅಲುಗುವ ಕಾಂಡಕ್ಕೆ ಎರಡು ಹೊಲಿಗೆ, ಉದುರಿದ ಬೀಜಕ್ಕೆ ಮೂಲೆಯಲ್ಲೊಂದು ಪುಟ್ಟ ಲಕೋಟೆ. ಇಪ್ಪತ್ತಮೂರು ವರ್ಷದಿಂದ ಇದೇ ಕೆಲಸ. ಕಾಡಿನಿಂದ ತಂದು ಒತ್ತಿ ಒಣಗಿಸಿದ ಗಿಡವನ್ನು ದಪ್ಪ ಹಾಳೆಗೆ ಅಂಟಿಸಿ ಕೊಡುತ್ತೇನೆ. ಓದಿದವರು ಅದನ್ನು ನೋಡಿ ಇದು ಇಂಥ ಕುಲ, ಇಂಥ ಜಾತಿ ಎಂದು ಎರಡು ಪದದ ಹೆಸರು ಬರೆಯುತ್ತಾರೆ. ಮೊದಲ ಪದ ಮನೆತನದ ಹೆಸರಿದ್ದ ಹಾಗೆ, ಎರಡನೆಯದು ಮಗುವನ್ನು ಕೂಗುವ ಹೆಸರಿದ್ದ ಹಾಗೆ. ನನಗೆ ಅಷ್ಟು ಅರ್ಥವಾಗಿದೆ, ಅಷ್ಟು ಸಾಕು.

ಬೀರುಗಳ ಬೀಗ ನೋಡಿಕೊಳ್ಳುವ ಬೀಗದಣ್ಣ ನನ್ನನ್ನು ಗೋಂದಕ್ಕ ಎಂದು ಶುರುಮಾಡಿದ. ಈಗ ಎಲ್ಲರಿಗೂ ನಾನು ಗೋಂದಕ್ಕನೇ. ಸ್ವಂತ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಇದೆ.

ಮಾರ್ಚ್ ೬, ಗುರುವಾರ

ಗುರುವಾರ ಸಾರ್ ಬರುವ ದಿನ. ಇಲ್ಲೇ ಗಿಡಗಳ ಹೆಸರು ಗುರುತಿಸುತ್ತಿದ್ದ ದೊಡ್ಡ ವಿದ್ವಾಂಸರು, ನಿವೃತ್ತರಾಗಿ ಹನ್ನೊಂದು ವರ್ಷವಾಯಿತು. ಹಿಂದಿನ ಬೀದಿಯಲ್ಲಿ ತಂಗಿಯ ಜೊತೆ ಇದ್ದಾರೆ. ಕಣ್ಣು ಹೆಚ್ಚುಕಡಿಮೆ ಹೋಗಿದೆ, ಬೆಳಕು ಯಾವ ಕಡೆಯಿದೆ ಎಂದಷ್ಟೇ ತಿಳಿಯುತ್ತದಂತೆ. ಆದರೂ ವಾರಕ್ಕೊಂದು ಸಲ ಗೋಡೆ ಸವರಿಕೊಂಡು ಬಂದು ನನ್ನ ಮೇಜಿನ ಎದುರು ಕೂರುತ್ತಾರೆ.

"ಗೋಂದು ನೀರಾಗಿದೆ," ಅಂದರು ಮೂಸಿ ನೋಡಿ.

ನೀರಾಗಿರಲಿಲ್ಲ. "ಹೌದು ಸಾರ್," ಎಂದೆ. ಅವರ ಮಾತಿಗೆ ಎದುರು ಮಾತು ನನ್ನ ಬಾಯಿಂದ ಯಾವತ್ತೂ ಬಂದಿಲ್ಲ. ಅವರು ಹಾಳೆ ನೋಡಲು ಬಗ್ಗಿದರೆ ದೊಡ್ಡ ದೊಡ್ಡ ವಿದ್ವಾಂಸರೇ ಉಸಿರು ಬಿಗಿಹಿಡಿಯುತ್ತಿದ್ದರು.

ಬೀಗದಣ್ಣನಿಗೆ ಮಾತ್ರ ಅವರ ಹತ್ತಿರ ಸಲಿಗೆ. "ಸಾರ್, ನಿಮ್ಮ ಕಾಲದಲ್ಲಿ ಎಷ್ಟು ಹೆಸರು ಹೊಡೆದುಹಾಕಿದ್ರಿ?"

"ನೂರ ನಲವತ್ತು ಚಿಲ್ರೆ."

"ಅಬ್ಬಾ, ಯಮನ ಲೆಕ್ಕ! ಇಟ್ಟಿದ್ದು?"

"ಒಂದು," ಅಂದರು ಸಾರ್. ಆ ಒಂದು ಎನ್ನುವಾಗ ಅವರ ಮುಖ ನೋಡಬೇಕು.

ಒಂದೇ ಗಿಡಕ್ಕೆ ಇಬ್ಬರು ಎರಡು ಹೆಸರಿಟ್ಟಿದ್ದರೆ ಮೊದಲು ಇಟ್ಟದ್ದು ಉಳಿಯುತ್ತದೆ, ಆಮೇಲಿನದು ಹೋಗುತ್ತದೆ. ಸಾರ್ ಅಂಥ ದಂಡದ ಹೆಸರುಗಳನ್ನು ಹುಡುಕಿ ಹುಡುಕಿ ಕಿತ್ತವರು. ತಾವಾಗಿ ಹೆಸರಿಟ್ಟದ್ದು ಒಂದೇ ಗಿಡಕ್ಕೆ. ಹೊಳೆಯ ನಡುವಿನ ಒದ್ದೆ ಬಂಡೆಯ ಮೇಲೆ ಒಂದೇ ಒಂದು ಸಲ ಸಿಕ್ಕಿದ ಗೇಣುದ್ದದ ಗಿಡ. ಆಮೇಲೆ ಹೊಳೆಗೆ ಕಟ್ಟೆ ಕಟ್ಟಿದರು, ಬಂಡೆ ಮುಳುಗಿತು. ಲೋಕಕ್ಕೆಲ್ಲ ಆ ಹೆಸರಿಗೆ ಇರುವ ಆಧಾರ ನಮ್ಮಲ್ಲಿರುವ ಒಂದು ಹಾಳೆ. ಅದು ಕೆಂಪು ಕಾಗದದ ಮಡಿಕೆಯಲ್ಲಿ, ಬೇರೆ ಬೀರುವಿನಲ್ಲಿ ಇರುತ್ತದೆ.

ಸಂಜೆ ಡಾಕ್ಟರಮ್ಮ ಬಂದರು. ಸೂಜಿ ಚುಚ್ಚುವ ಡಾಕ್ಟರಲ್ಲ, ಗಿಡಗಳನ್ನೇ ಓದಿ ಡಾಕ್ಟರಾದವರು. ಸೇರಿ ಐದು ತಿಂಗಳಾಗಿದೆ, ನನ್ನ ಮಗಳಿದ್ದಿದ್ದರೆ ಅದೇ ವಯಸ್ಸು. "ಅಕ್ಕಾ, ಸಾರ್ ಗಿಡದ ಹಾಳೆ ಫೋಟೋಗೆ ಹೋಗೋ ಮುಂಚೆ ನಾನೊಂದ್ಸಲ ನೋಡ್ಬೇಕು," ಅಂದರು. ಬೀಗದಣ್ಣ ತೆಗೆದುಕೊಟ್ಟ.

ಮಾರ್ಚ್ ೧೧, ಮಂಗಳವಾರ

ಡಾಕ್ಟರಮ್ಮ ನಮ್ಮ ಮುಖ್ಯಸ್ಥೆ ಮೇಡಂ ಅವರನ್ನು ನನ್ನ ಕೋಣೆಗೇ ಕರೆತಂದರು. ಕಿಟಕಿ ಇರುವುದು ಇಲ್ಲೇ. ಕೆಂಪು ಮಡಿಕೆ ಬಿಚ್ಚಿ ಮಸೂರ ಕೊಟ್ಟರು.

"ಎಲೆ ಮೇಲಿನ ರೋಮ ನೋಡಿ ಮೇಡಂ, ನಕ್ಷತ್ರದ ಥರ. ಕಾಂಡದ ಮೇಲಿಂದು ಒಂಟಿ, ನೆಟ್ಟಗೆ. ಒಂದೇ ಗಿಡದಲ್ಲಿ ಹೀಗಿರೋಕಾಗಲ್ಲ. ಇದು ಎರಡು ಗಿಡ. ಹೂವು ಹೊಳೆ ಪಕ್ಕ ಸಿಗೋ ಮಾಮೂಲಿದೇ ಇರ್ಬೇಕು, ಎಲೆ ಇನ್ಯಾವುದರದ್ದೋ. ಇಂಥ ಗಿಡ ಲೋಕದಲ್ಲೇ ಇಲ್ಲ. ಅದಕ್ಕೇ ಇಷ್ಟು ವರ್ಷ ಒಬ್ರಿಗೂ ಸಿಕ್ಕಿಲ್ಲ."

"ತಿಳೀದೆ ಆಗಿರಬಹುದಲ್ಲ?"

"ಅಂಥ ಕಣ್ಣಿನ ಮನುಷ್ಯನಿಗೆ ತಿಳೀದೆ ಆಗುತ್ತಾ ಮೇಡಂ? ಊರೋರ ಹೆಸರೆಲ್ಲಾ ಹೊಡೆದ್ರು. ತಮ್ಮದೊಂದು ಇರ್ಲಿ ಅನ್ನಿಸಿರಬೇಕು."

ಮೇಡಂ ಮಸೂರ ಕೆಳಗಿಟ್ಟು, "ಏಪ್ರಿಲ್ ಮೂರಕ್ಕೆ ಎಲ್ಲರೂ ಕೂತು ತೀರ್ಮಾನ ಮಾಡೋಣ, ಅಲ್ಲಿವರೆಗೆ ಈ ಮಾತು ಹೊರಗೆ ಹೋಗ್ಬಾರದು," ಅಂದರು.

ನಾನು ಎರಡು ಮಾರು ದೂರದಲ್ಲಿದ್ದೆ. ನನ್ನೆದುರು ಎಲ್ಲರೂ ಎಲ್ಲವನ್ನೂ ಮಾತಾಡುತ್ತಾರೆ, ಬೀರುವಿನ ಎದುರು ಮಾತಾಡಿದ ಹಾಗೆ. ಸೂಜಿ ಬೆರಳಿಗೆ ಹೋಯಿತು.

ದೇವರೇ, ಮುಚ್ಚಿಡು. ಇದೊಂದನ್ನು ಮುಚ್ಚಿಡು, ಇನ್ನೇನೂ ಕೇಳುವುದಿಲ್ಲ.

ಮಾರ್ಚ್ ೧೨, ಬುಧವಾರ

ಬರೆದುಬಿಡುತ್ತೇನೆ. ಎಲ್ಲಾದರೂ ಒಂದು ಕಡೆ ನಿಜ ಇರಲಿ.

ಕೆಲಸಕ್ಕೆ ಸೇರಿ ಮೂರು ತಿಂಗಳಾಗಿತ್ತು. ಸಾರ್ ಹೊಳೆಯ ಪ್ರವಾಸದಿಂದ ಬಂದವರೇ ಜ್ವರ ಹಿಡಿದು ಹದಿನೈದು ದಿನ ಮಲಗಿದರು. ಅವರು ತಂದ ಗಿಡಗಳ ಕಟ್ಟು ನನ್ನ ಮೇಜಿಗೆ ಬಂತು. ಒಂದು ಮಡಿಕೆಯಲ್ಲಿ ಒಂದೇ ಹೂವಿನ ಕಡ್ಡಿ, ಅದಕ್ಕೊಂದು ಎಲೆ. ಆ ಎಲೆಯನ್ನು ಹುಳು ಜರಡಿ ಮಾಡಿತ್ತು, ಅರ್ಧ ಮುರಿದು ನೇತಾಡುತ್ತಿತ್ತು. ಹೂವು ಎಷ್ಟು ಚೆನ್ನಾಗಿತ್ತೆಂದರೆ ನನಗೆ ಸಂಕಟವಾಯಿತು. ಮುಕ್ಕಾದದ್ದನ್ನು ದೇವರ ಮುಂದೆ ಇಡಬಾರದು ಎಂದು ಅವ್ವ ಹೇಳಿಕೊಟ್ಟಿದ್ದಳು. ಸಾರ್ ಮುಂದೆ ಇಡುವುದು ಹೇಗೆ?

ಪಕ್ಕದ ಮಡಿಕೆಯಲ್ಲಿ ಅದೇ ಬಂಡೆಯ ಎಲೆಗಳಿದ್ದವು. ಅದೇ ಅಳತೆ, ಅದೇ ಬಣ್ಣ. ಅದೇ ಗಿಡದ್ದೆಂದೇ ತಿಳಿದೆ. ಇಲ್ಲ, ಸುಳ್ಳು ಬರೆಯಬಾರದು: ಅದೇ ಗಿಡದ್ದೋ ಎಂದು ಕೇಳಬೇಕು ಎಂದು ಅನ್ನಿಸಿತ್ತು. ಕೇಳಲು ಹೆದರಿಕೆ. ಮೂರು ಒಳ್ಳೆಯ ಎಲೆ ಆರಿಸಿ ತೊಟ್ಟು ಕತ್ತರಿಸಿ ಕಡ್ಡಿಯ ಪಕ್ಕ ಕೂರಿಸಿದೆ. ಸಂದು ಕಾಣದ ಹಾಗೆ ಮೇಲೊಂದು ಬಟ್ಟೆಯ ಪಟ್ಟಿ. ಹುಳು ತಿಂದ ಎಲೆಯನ್ನು ಕಿತ್ತು ಅಂಗಳದ ಮರದ ಬುಡಕ್ಕೆ ಹಾಕಿದೆ.

ಸಾರ್ ಎದ್ದು ಬಂದು ಹಾಳೆ ನೋಡಿದರು. ಬಹಳ ಹೊತ್ತು ನೋಡಿ, "ಇದನ್ನ ಅಂಟಿಸಿದ್ದು ಯಾರು?" ಅಂದರು. ನಾನು ಎಂದೆ. "ಕೈ ಚೆನ್ನಾಗಿದೆ," ಅಂದರು. ಆ ಒಂದು ಮಾತಿನ ಮೇಲೆ ಇಪ್ಪತ್ತಮೂರು ವರ್ಷ ಬದುಕಿದ್ದೇನೆ.

ಮಾರ್ಚ್ ೧೫, ಶನಿವಾರ

ಹದಿನಾಲ್ಕು ಹಾಳೆ. ಎರಡರಲ್ಲಿ ಹೆಸರಿನ ಚೀಟಿ ಸೊಟ್ಟ. ಪ್ರಾರ್ಥನೆಗೆ ಕಣ್ಣು ಮುಚ್ಚಿದರೆ ಎಲೆ.

ಮಾರ್ಚ್ ೨೦, ಗುರುವಾರ

ಸಾರ್ ಬಂದಿದ್ದರು. ಅವರಿಗೆ ಯಾರೂ ಹೇಳಿಲ್ಲ. ಎದುರು ಸಿಕ್ಕ ಡಾಕ್ಟರಮ್ಮ ಗೋಡೆಗೆ ಅಂಟಿಕೊಂಡು ಸದ್ದಿಲ್ಲದೆ ದಾಟಿಹೋದರು. ಕುರುಡರ ಎದುರು ತಪ್ಪಿಸಿಕೊಳ್ಳುವುದು ಎಷ್ಟು ಸುಲಭ. ನಾನು ದಿನವೂ ಅದನ್ನೇ ಮಾಡುತ್ತಿದ್ದೇನೆ.

ಬೀಗದಣ್ಣನ ಕಿವಿಗೆ ಮಾತು ಬಿದ್ದಿದೆ. ಟೀ ಕುಡಿಯುತ್ತಾ ಅಂದ: "ಮುದುಕಪ್ಪನ ಹಣೆಬರಹ ನೋಡು ಗೋಂದಕ್ಕ. ಮಸೂರ ಹಿಡಿದು ಊರೋರ ಕಳ್ಳತನ ಹಿಡಿದ, ಕೊನೆಗೆ ತನ್ನ ಮನೇಲೇ ಕದ್ದ ಮಾಲು." ಅವನು ಕೆಟ್ಟವನಲ್ಲ. ಆದರೂ ಅವನ ಲೋಟಕ್ಕೆ ಮತ್ತೆ ಟೀ ಹಾಕುವ ಮನಸ್ಸಾಗಲಿಲ್ಲ.

ಮಧ್ಯಾಹ್ನ ಡಾಕ್ಟರಮ್ಮ ತಮ್ಮದೇ ಒಂದು ಕಟ್ಟು ತಂದರು. ಕಟ್ಟೆಗಿಂತ ಬಹಳ ಮೇಲೆ, ಮೂರು ದಿನ ನಡೆದು, ಹೊಳೆ ಹುಟ್ಟುವ ಕಡೆ ಸಿಕ್ಕಿದ ಗಿಡವಂತೆ. ಎಲೆಯ ಅಂಚು ನುಣ್ಣಗಿದೆ, ಗರಗಸದಂಥ ಹಲ್ಲಿಲ್ಲ. ಯಾವ ಪುಸ್ತಕದಲ್ಲೂ ಇಲ್ಲದ್ದು. ಹೊಸದು.

"ಹೆಸರು ಇಟ್ಟಾಯ್ತಾ?" ಎಂದೆ.

"ಮನಸ್ಸಲ್ಲಿಟ್ಟಿದ್ದೀನಿ ಅಕ್ಕಾ. ಹುಟ್ಟೋ ಮುಂಚೆ ಹೇಳ್ಬಾರದು," ಅಂದು ನಕ್ಕರು. ಬಸುರಿಯ ನಗು. "ನಿಮ್ಮ ಕೈಯಲ್ಲೇ ಅಂಟಿಸಿಕೊಡಿ. ಬೇರೆ ಯಾರ ಕೈಗೂ ಕೊಡಲ್ಲ."

ಕಾಗದ ಬಿಡಿಸಿದೆ. ಗಿಡಗಳು ಬದುಕಿದ್ದಾಗ ಹೇಗಿರುತ್ತವೋ ನಾನು ನೋಡಿದವಳಲ್ಲ. ಒಣಗಿದ ಮೇಲಿನ ಮುಖ ಮಾತ್ರ ನನಗೆ ಗೊತ್ತು, ಅದು ಚೆನ್ನಾಗಿ ಗೊತ್ತು. ಹೊಳೆ ಪಕ್ಕದ ಮಾಮೂಲಿ ಹೂವು ಒಣಗಿದರೆ ಪೂರ್ತಿ ಕಪ್ಪಾಗುತ್ತದೆ. ಇದು ಕಪ್ಪಾಗಿರಲಿಲ್ಲ. ದಳದ ತುದಿ ಕಂದು, ಅಂಚಿಗೆ ಬಿಳಿ ಗೆರೆ, ಬುಡದಲ್ಲಿ ಟೀ ಚೆಲ್ಲಿದಂಥ ಕಲೆ. ಆ ಕಲೆಯನ್ನು ನಾನು ಒಂದೇ ಒಂದು ಹಾಳೆಯಲ್ಲಿ ನೋಡಿದ್ದೇನೆ.

ಇದು ಸಾರ್ ಗಿಡ. ಸತ್ತಿಲ್ಲ. ಹಾಳೆಯ ಮೇಲಿನ ಎಲೆ ನೋಡಿ ಎಲ್ಲರೂ ಹಲ್ಲಿನ ಎಲೆ ಹುಡುಕಿದರು, ಅದಕ್ಕೇ ಸಿಗಲಿಲ್ಲ. ಹಲ್ಲು ಕೊಟ್ಟವಳು ನಾನು.

ಈಗ ಬಾಯಿ ಬಿಟ್ಟರೆ ಈ ಹುಡುಗಿಯ ಹೊಸ ಹೆಸರು ಹೋಗುತ್ತದೆ. ಬಿಡದಿದ್ದರೆ ಆ ಮುದುಕರು ಕಳ್ಳ ಎನ್ನಿಸಿಕೊಂಡು ಸಾಯುತ್ತಾರೆ. ಏನು ಮಾಡಲಿ ಎಂದು ದೇವರನ್ನು ಕೇಳಿದೆ. ಅವನೂ ಗೋಂದು ಕುಡಿದವನ ಹಾಗೆ ಕೂತಿದ್ದಾನೆ.

ಮಾರ್ಚ್ ೨೩, ಭಾನುವಾರ

ಮನೆಯವರಿಗೆ ಹೇಳಿದೆ. ಅವರದು ಹೊಲಿಗೆ ಕೆಲಸ, ನಮ್ಮ ಮನೆಯ ಮುಂದಿನ ಕೋಣೆಯೇ ಅಂಗಡಿ. ಮಿಷಿನ್ ತುಳಿಯುತ್ತಲೇ ಕೇಳಿಸಿಕೊಂಡರು.

"ಎಲೆ ಅಂಟಿಸಿದ್ದಕ್ಕೆ ಜೈಲಿಗೆ ಹಾಕ್ತಾರೇನೇ?"

"ನಗಬೇಡಿ. ಕೆಲಸದಿಂದ ತೆಗೀಬಹುದು. ಅದಕ್ಕಿಂತ, ಅವರ ಮುಖ ಹೆಂಗೆ ನೋಡ್ಲಿ?"

"ಅವರಿಗೆ ನಿನ್ನ ಮುಖ ಕಾಣಲ್ವಲ್ಲ."

"ರೀ!"

ಮಿಷಿನ್ ನಿಲ್ಲಿಸಿದರು. "ನೋಡು, ತೇಪೆ ಹಾಕಿದೋನಿಗೆ ತೇಪೆ ಎಲ್ಲಿದೆ ಅಂತ ಗೊತ್ತಿರುತ್ತೆ. ಆ ಬಟ್ಟೆ ಬೀದೀಲಿ ಹೋಗ್ತಿದ್ರೆ ಅವನ ಕಣ್ಣು ಮೊದಲು ಅಲ್ಲಿಗೇ ಹೋಗುತ್ತೆ. ನೀನು ಹೇಳಿದ್ರೂ ಅಷ್ಟೆ, ಬಿಟ್ರೂ ಅಷ್ಟೆ, ನಿನಗಂತೂ ಕಾಣ್ತಾನೇ ಇರುತ್ತೆ." ಮತ್ತೆ ತುಳಿಯತೊಡಗಿದರು. ಸ್ವಲ್ಪ ಹೊತ್ತಿನ ಮೇಲೆ, "ಕೈಗೆ ಬಿಸಿನೀರು ಕಾಸ್ಲಾ?" ಅಂದರು.

ಮಾರ್ಚ್ ೨೪, ಸೋಮವಾರ

ಹೇಳಿದೆ. ಡಾಕ್ಟರಮ್ಮ ನಂಬಲಿಲ್ಲ! ಎಲ್ಲಕ್ಕೂ ಸಿದ್ಧಳಾಗಿ ಹೋಗಿದ್ದೆ, ಇದೊಂದು ನೆನಪಿಗೆ ಬಂದಿರಲಿಲ್ಲ.

"ಅಕ್ಕಾ, ದಿನಕ್ಕೆ ಮೂವತ್ತು ಹಾಳೆ ಮಾಡೋರು ನೀವು. ಇಪ್ಪತ್ತಮೂರು ವರ್ಷದ ಹಿಂದಿಂದು ನೆನಪಿರುತ್ತಾ?"

"ಇದು ನೆನಪಿದೆ."

"ಅವರ ಮೇಲೆ ನಿಮಗೆ ಭಕ್ತಿ, ನನಗೆ ಗೊತ್ತು. ಅವರನ್ನ ಉಳಿಸೋಕೆ ನೀವು ತಲೆ ಕೊಡ್ತಿದ್ದೀರ."

"ಇಲ್ಲಮ್ಮ. ಆ ಹೂವು ನಿಮ್ಮ ಗಿಡದ್ದೇ. ಒಣಗಿದ ಕಲೆ ನೋಡಿ."

ಮುಖ ಗಂಟಾಯಿತು. "ಒಣಗಿದ ಮೇಲೆ ಎಲ್ಲಾ ಒಂದೇ ಥರ ಕಾಣುತ್ತೆ ಅಕ್ಕಾ."

"ನಿಮಗೆ ಕಾಣುತ್ತೆ," ಎಂದುಬಿಟ್ಟೆ.

ಮಾರ್ಚ್ ೨೭, ಗುರುವಾರ

ಸಾರ್‌ಗೆ ಹೇಳಿದೆ. ಬೀಗದಣ್ಣನನ್ನು ಆಚೆ ಕಳಿಸಿ, ಬಾಗಿಲು ಮುಂದೆ ಮಾಡಿ, ನಿಂತುಕೊಂಡೇ ಹೇಳಿದೆ. ಹುಳು ತಿಂದ ಎಲೆ, ಮೂರು ಎಲೆ, ಬಟ್ಟೆ ಪಟ್ಟಿ, ಡಾಕ್ಟರಮ್ಮ ಹೇಳುತ್ತಿರುವುದು, ಮೂರನೇ ತಾರೀಖು. ಏನೂ ಬಿಡಲಿಲ್ಲ.

ಅವರು ಬೈಯಲಿಲ್ಲ. ಬೈದಿದ್ದರೆ ಅಳಬಹುದಿತ್ತು.

"ತೊಟ್ಟು ಮುರಿದೆಯಾ, ಕತ್ತರಿಸಿದೆಯಾ?"

"ಕತ್ತರಿಸಿದೆ ಸಾರ್."

"ನೇರವಾಗಿ?"

"ಓರೆಯಾಗಿ. ಕಡ್ಡಿಗೆ ಕೂರಲಿ ಅಂತ."

"ಮೂರೂ?"

"ಮೂರೂ."

"ಹಾಗಾದ್ರೆ ತೋರಿಸಬಹುದು," ಅಂದರು. ಅಷ್ಟೇ. ಟೀ ಲೋಟ ಹಾಗೆಯೇ ಬಿಟ್ಟು ಎದ್ದರು. ಬಾಗಿಲ ತನಕ ಕೈ ಹಿಡಿದು ಬಿಡಲು ಹೋದೆ. ಕೈ ಕೊಡಲಿಲ್ಲ.

ಮಾರ್ಚ್ ೨೯, ಶನಿವಾರ

ಕೆಲಸ. ಇಪ್ಪತ್ತು ಹಾಳೆ.

ಏಪ್ರಿಲ್ ೩, ಗುರುವಾರ

ಸಾರ್ ಬರಲಿಲ್ಲ. ಮೇಡಂಗೆ ತಂಗಿಯ ಕೈಲಿ ಕಾಗದ ಬರೆಸಿ ಕಳಿಸಿದ್ದರು: ಎಲೆಗಳನ್ನು ಎಬ್ಬಿಸಿ ತೊಟ್ಟಿನ ತುದಿ ನೋಡಿ, ಎಬ್ಬಿಸುವವಳು ಅಂಟಿಸಿದವಳೇ ಆಗಿರಲಿ, ಬೇರೆಯವರಾದರೆ ಹೂವು ಉಳಿಯುವುದಿಲ್ಲ.

ಕೆಂಪು ಮಡಿಕೆಯ ಹಾಳೆಗೆ ನೀರು ತಾಗಿಸುವುದು ಯಾರೂ ಕೇಳರಿಯದ ಮಾತು. ಮೇಡಂ ಬಹಳ ಯೋಚಿಸಿ ಹೂಂ ಅಂದರು. ನಾಲ್ಕು ಜನ ಮೇಜಿನ ಸುತ್ತ ನಿಂತರು. ಬೆಚ್ಚಗಿನ ನೀರು, ಸಣ್ಣ ಕುಂಚ. ಅಂಚು ಒದ್ದೆ ಮಾಡುವುದು, ಕಾಯುವುದು, ಮತ್ತೆ ಒದ್ದೆ ಮಾಡುವುದು. ಒಂದು ಎಲೆಗೆ ಮುಕ್ಕಾಲು ಗಂಟೆ. ಇಷ್ಟು ಗಟ್ಟಿಯಾಗಿ ಅಂಟಿಸಿದವಳ ಮೇಲೆ ಸಿಟ್ಟು ಬಂತು.

ಮೂರು ತೊಟ್ಟೂ ಓರೆ. ಮೂರೂ ಕತ್ತರಿಯವು.

ಬಟ್ಟೆಯ ಪಟ್ಟಿ ಬಿಡಿಸಿದಾಗ ಕಡ್ಡಿಯ ಮೇಲೆ ಸ್ವಂತ ಎಲೆ ಮುರಿದ ಗಾಯ ಕಂಡಿತು. ಅಲ್ಲಿ ಉಗುರಿನ ಅರ್ಧದಷ್ಟು ಎಲೆ ಉಳಿದುಕೊಂಡಿತ್ತು, ಅಂಚಿಗೆ ಹಲ್ಲಿಲ್ಲ. ಡಾಕ್ಟರಮ್ಮ ಮಸೂರ ಇಟ್ಟರು. ಆಮೇಲೆ ಹೂವಿನಿಂದ ಒಂದು ಕೇಸರ ತೆಗೆದು ಬಿಸಿನೀರಿನಲ್ಲಿ ಮೆತ್ತಗೆ ಮಾಡಿ ದೊಡ್ಡ ಯಂತ್ರದ ಕೆಳಗೆ ನೋಡಿದರು. ಬಹಳ ಹೊತ್ತು ತಲೆ ಎತ್ತಲಿಲ್ಲ. ಸುಮ್ಮನೆ ಮಾಮೂಲಿ ಹೂವು ಎಂದುಬಿಡಬಹುದಿತ್ತು. ಆ ಯಂತ್ರದಲ್ಲಿ ಕಂಡದ್ದು ಅವರೊಬ್ಬರಿಗೇ.

"ನನ್ನ ಗಿಡಕ್ಕೆ ಹೆಸರು ಆಗ್ಲೇ ಇದೆ ಮೇಡಂ," ಅಂದರು. "ಸಾರ್ ಇಟ್ಟಿದ್ದು."

ನಿಯಮವಿದೆಯಂತೆ: ಒಂದು ಹಾಳೆಯಲ್ಲಿ ಎರಡು ಗಿಡ ಸೇರಿಕೊಂಡಿದ್ದರೆ, ಬರೆದ ವಿವರಣೆಗೆ ಯಾವ ಭಾಗ ಹೆಚ್ಚು ಹೊಂದುತ್ತದೋ ಹೆಸರು ಅದಕ್ಕೆ. ಸಾರ್ ಹೂವಿನ ಬಗ್ಗೆ ಎರಡು ಪುಟ ಬರೆದಿದ್ದರು, ಎಲೆಯ ಬಗ್ಗೆ ಎರಡು ಸಾಲು. ಹೆಸರು ಉಳಿಯಿತು.

ಮುಖ ತೊಳೆದುಕೊಂಡು ಬಂದ ಡಾಕ್ಟರಮ್ಮ ನನ್ನ ಪಕ್ಕ ಕೂತರು. "ನೀವು ಸುಮ್ನಿದ್ದಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ ಅಕ್ಕಾ."

"ಹೌದಮ್ಮ."

"ಮತ್ಯಾಕೆ ಹೇಳಿದ್ರಿ?"

"ಸುಮ್ನೇ ಇದ್ದೆನಲ್ಲ, ಇಪ್ಪತ್ತಮೂರು ವರ್ಷ. ಸಾಕಾಯ್ತು."

ಮೇಡಂ ದೊಡ್ಡ ಮನಸ್ಸು ಮಾಡಿದ್ದಾರೆ. ಅಂಟಿಸುವಾಗ ಆದ ಲೋಪ ಎಂದು ಚೀಟಿ ಬರೆದು ಹಚ್ಚಿ ಮುಗಿಸೋಣ, ಯಾರ ಹೆಸರೂ ಬೇಡ ಅಂದರು. ಕೆಲಸ ಹೋಗುವುದಿಲ್ಲ. ಮನೆಗೆ ಬಂದವಳು ಊಟ ಮಾಡದೆ ಮಲಗಿದೆ.

ಏಪ್ರಿಲ್ ೮, ಮಂಗಳವಾರ

ಅರ್ಧ ದಿನ ರಜೆ ಹಾಕಿ ಸಾರ್ ಮನೆಗೆ ಹೋದೆ. ಡಾಕ್ಟರಮ್ಮ ಒಂದು ಎಲೆ ಕೊಟ್ಟಿದ್ದರು, ಹೊಳೆಯ ಮೇಲ್ಗಡೆಯದು. ಸಾರ್ ತಂಗಿ ಬಾಗಿಲು ತೆಗೆದು, "ನಾಲ್ಕು ದಿನದಿಂದ ಯಾರ ಜೊತೇನೂ ಮಾತಿಲ್ಲ, ನೋಡಿ ನಿಮ್ಮ ಅದೃಷ್ಟ," ಅಂದರು.

ಎಲೆಯನ್ನು ಅವರ ಅಂಗೈ ಮೇಲಿಟ್ಟೆ. ಹೆಬ್ಬೆರಳಿನಿಂದ ಅಂಚು ಸವರಿದರು. ಬುಡದಿಂದ ತುದಿ, ತುದಿಯಿಂದ ಬುಡ.

"ಹಲ್ಲಿಲ್ಲ."

"ಇಲ್ಲ ಸಾರ್."

"ಹಲ್ಲಿದೆ ಅಂತ ಬರೆದೆ. ಅದನ್ನ ನಂಬಿ ಹುಡುಗರು ವರ್ಷಗಟ್ಟಲೆ ಬಂಡೆ ಬಂಡೆ ಹುಡುಕಿದ್ರು. ಒಬ್ಬ ಕಾಲು ಮುರ್ಕೊಂಡ." ಎಲೆಯನ್ನು ವಾಪಸ್ ನನ್ನ ಕೈಗಿಟ್ಟು, "ನಿನ್ನ ಮೇಲೆ ಕೋಪ ಇದೆ. ಹೋಗುತ್ತೋ ಇಲ್ವೋ ಗೊತ್ತಿಲ್ಲ," ಅಂದರು.

"ಇರ್ಲಿ ಸಾರ್."

"ಸಂದು ನೋಡ್ಬೇಕಿತ್ತು ನಾನು. ಬೇರೆಯೋರ ಹಾಳೆ ಆಗಿದ್ರೆ ಪಟ್ಟಿ ಬಿಚ್ಚಿಸಿ ನೋಡ್ತಿದ್ದೆ. ನನ್ನದು ಅಂತ ನೋಡ್ಲಿಲ್ಲ. ಚೆನ್ನಾಗಿ ಕಾಣ್ತಿತ್ತು."

ನನಗೆ ಮೊದಲ ಸಲ ಅವರು ಮುದುಕರು ಎನ್ನಿಸಿದರು. ಅಂಗಿಯ ಗುಂಡಿ ಒಂದು ಮನೆ ತಪ್ಪಿತ್ತು.

ಮೇಡಂ ಬರೆಸಲಿರುವ ಚೀಟಿಯ ವಿಷಯ ಹೇಳಿದೆ. ನೆಟ್ಟಗೆ ಕೂತರು. "ಲೋಪ ಅಂದ್ರೆ? ನೂರು ವರ್ಷ ಬಿಟ್ಟು ಓದೋನಿಗೆ ಏನು ತಿಳೀಬೇಕು? ಯಾವ ಎಲೆ, ಯಾಕೆ, ಯಾರು. ಕಣ್ಣಾರೆ ಕಂಡೋರೇ ಬರೀಬೇಕು. ಕಂಡೋಳು ನೀನೊಬ್ಬಳೇ."

"ನಾನಾ? ಹಾಳೆ ಮೇಲೆ? ನನ್ನ ಅಕ್ಷರ ನೋಡಿದ್ದೀರಲ್ಲ ಸಾರ್, ಹಳ್ಳಿ ಶಾಲೆದು."

"ಅಕ್ಷರ ಯಾರು ಕೇಳಿದ್ರು?"

ಹೊರಡುವಾಗ ಗುಂಡಿ ಸರಿಮಾಡಿ ಹಾಕಿದೆ. ಸುಮ್ಮನೆ ಹಾಕಿಸಿಕೊಂಡರು.

ಏಪ್ರಿಲ್ ೧೦, ಗುರುವಾರ

ಒಂದು ಸಲ ಹಾಳೆಯ ಮೇಲೆ ಹಚ್ಚಿದ ಚೀಟಿಯನ್ನು ಯಾರೂ ಕೀಳುವಂತಿಲ್ಲ. ತಪ್ಪಿದ್ದರೂ ಇರಬೇಕು, ಅದರ ಪಕ್ಕ ಇನ್ನೊಂದು ಹಚ್ಚಬೇಕು. ಹಾಗಾಗಿ ಮೊದಲು ರದ್ದಿ ಕಾಗದದಲ್ಲಿ ನಾಲ್ಕು ಸಲ ಬರೆದು ನೋಡಿದೆ. ಡಾಕ್ಟರಮ್ಮ ಕೆಡದ ಶಾಯಿಯ ಪೆನ್ನು ಕೊಟ್ಟು, "ನಿಧಾನ ಅಕ್ಕಾ," ಅಂದರು. ಬೀಗದಣ್ಣ ಬಾಗಿಲಲ್ಲಿ ನಿಂತು, "ಗೋಂದಕ್ಕ ಪಂಡಿತರ ಸಾಲಿಗೆ ಸೇರಿದ್ಲಪ್ಪೋ, ಇನ್ನು ನಮಗೆ ಟೀ ಸಿಗಲ್ಲ," ಅಂದ. "ಸಿಗಲ್ಲ, ನೀನೇ ಮಾಡ್ಕೋ," ಎಂದೆ.

ಬರೆದದ್ದು ಇಷ್ಟು: ಈ ಹಾಳೆಯಲ್ಲಿದ್ದ ಮೂರು ಎಲೆ ಈ ಹೂವಿನ ಗಿಡದವಲ್ಲ. ಚೆನ್ನಾಗಿ ಕಾಣಲಿ ಎಂದು ಪಕ್ಕದ ಮಡಿಕೆಯಿಂದ ಕತ್ತರಿಸಿ ನಾನು ಅಂಟಿಸಿದೆ. ಇದರ ಸ್ವಂತ ಎಲೆಯನ್ನು ಹುಳು ತಿಂದಿತ್ತು. ಅದನ್ನು ಎಸೆದೆ. ಸಾರ್‌ಗೆ ತಿಳಿಸಲಿಲ್ಲ.

ಕೆಳಗೆ ನನ್ನ ಪೂರ್ತಿ ಹೆಸರು, ತಾರೀಖು.

ಚೀಟಿ ಹಚ್ಚಿ ಕೈ ತೆಗೆಯುವಷ್ಟರಲ್ಲಿ ಕಾರಿಡಾರಿನಲ್ಲಿ ಗೋಡೆ ಸವರುವ ಸದ್ದು. ಸಾರ್ ಬಂದು ಎದುರು ಕೂತರು.

"ಓದು."

ಓದಿದೆ. ಅವರು ಕೇಳಿಸಿಕೊಂಡರು. ಆಮೇಲೆ ಕೈ ಚಾಚಿ, ಹಾಳೆಯ ಅಂಚು ಹುಡುಕಿ, ಚೀಟಿ ಎಲ್ಲಿದೆ ಎಂದು ಬೆರಳು ಮುಂದಕ್ಕೆ ತಂದರು.

"ಮುಟ್ಟಬೇಡಿ ಸಾರ್, ಇನ್ನೂ ಹಸಿ ಇದೆ," ಎಂದೆ.

ಥಟ್ಟನೆ ಕೈ ಹಿಂದಕ್ಕೆಳೆದುಕೊಂಡು ತೊಡೆಯ ಮೇಲಿಟ್ಟುಕೊಂಡರು. "ಎಷ್ಟು ಹೊತ್ತಮ್ಮ?"

"ಅರ್ಧ ಗಂಟೆ."

ಒಣಗುವವರೆಗೂ ಇಬ್ಬರೂ ಕಾದು ಕೂತೆವು.